ಎರಡು ಮೆಟ್ಟಿಲು

ಹೆಸರು ಕೆ ಯೋಂಗ್‌ಶೆಂಗ್. ಕೇಸ್ ಪೇಪರಿನಲ್ಲಿ
ಕೆ ಮುಂದೆ ಚುಕ್ಕಿ ಇಟ್ಟು, ತಂದೆಯ ಹೆಸರೋ ಊರೋ
ಬಿಡಿಸಿ ಹೇಳಿ ಎಂದಿದ್ದಳು ಕೌಂಟರಿನ ಸುಲಕ್ಷಾ.
ಬಿಡಿಸಲು ಏನೂ ಇರಲಿಲ್ಲ. ಕೆ ಎಂಬುದೇ ಮನೆತನ.
ಬೈತಖೋಲ ಬಂದರಿಗೆ ದಾಂಬರು ತಂದ ಹಡಗಿನಲ್ಲಿ
ಇಂಜಿನ್ ಕೋಣೆಗೆ ಇಳಿವಾಗ ಜಾರಿ
ಎಡಗಾಲು ಎರಡು ಕಡೆ ಮುರಿದು
ಹಡಗು ಅವನನ್ನು ಬಿಟ್ಟು ಹೋಗಿ ಇಪ್ಪತ್ತಾರು ದಿನ.

ನಾನು ಫಿಸಿಯೋ. ಕಾಲಿಗೆ ಕಲಿಸುವುದು ನನ್ನ ಕೆಲಸ,
ನಾಲಿಗೆಗಲ್ಲ.
ಆದರೆ ನಮ್ಮ ನಡುವೆ ಇದ್ದದ್ದು ಇಂಗ್ಲಿಷೊಂದೇ,
ಅದೂ ಇಬ್ಬರದೂ ಕುಂಟು.

ಕೋಣೆಯ ಮೂಲೆಯಲ್ಲೊಂದು ಮರದ ಮೆಟ್ಟಿಲಿದೆ:
ಮೂರು ಹತ್ತಿ ಮೂರು ಇಳಿದರೆ ಮತ್ತೆ ಅದೇ ನೆಲ.
ಅದನ್ನು ನೋಡಿ 'ಲ್ಯಾಡರ್' ಎಂದ.
ಹತ್ತಿದ. ಮೇಲೆ ನಿಂತು, ತಿರುಗಿ,
ಎರಡೂ ಕೈಲಿ ಕಂಬಿ ಹಿಡಿದು
ನನಗೆ ಬೆನ್ನು ಹಾಕಿ ಇಳಿಯತೊಡಗಿದ.
ಅಪ್ಪ ಬೋಟಿನಿಂದ ಇಳಿಯುತ್ತಿದ್ದುದೂ ಹೀಗೇ.
ತಾಂಡೇಲರ ಮಗಳಿಗೆ ತಪ್ಪು ಕಾಣಲು ತುಸು ಹೊತ್ತು ಹಿಡಿಯಿತು.

ತಪ್ಪಿದ್ದು ಕಾಲಲ್ಲ, ಪದ.
ಏಣಿ ಎಂದುಕೊಂಡರೆ ಮೈ ಏಣಿಯನ್ನೇ ಇಳಿಯುತ್ತದೆ.
'ನಾಟ್ ಲ್ಯಾಡರ್. ಸ್ಟೇರ್ಸ್.'
'ಸ್ತೇರ್.'
'ಸ್ಟೇರ್ಸ್. ಮುಖ ಈ ಕಡೆ.'
ಮುಖ ತಿರುಗಿಸಿದ. ಮೊದಲ ಸಲ ಹೆದರಿದ.
ಏಣಿಯಲ್ಲಿ ಆಳ ಬೆನ್ನಿಗಿರುತ್ತದೆ;
ಮೆಟ್ಟಿಲಲ್ಲಿ ಅದನ್ನು ನೋಡುತ್ತಲೇ ಇಳಿಯಬೇಕು.

ಹತ್ತುವಾಗ ಒಳ್ಳೆ ಕಾಲು ಮೊದಲು,
ಇಳಿವಾಗ ಕೆಟ್ಟ ಕಾಲು ಮೊದಲು.
'ಗುಡ್ ಅಪ್, ಬ್ಯಾಡ್ ಡೌನ್' ಎಂದು ಹಾಡಿನಂತೆ ಹೇಳಿಕೊಟ್ಟೆ.
ಎರಡು ದಿನ ಹೇಳಿದ. ಮೂರನೆಯ ದಿನ
ಎಡಗಾಲು ಸವರುತ್ತ ಕೇಳಿದ:
'ಬ್ಯಾಡ್? ವಾಟ್ ಇಟ್ ಡು?'

ಅವನ ಬಾಯಲ್ಲಿ ಎಸ್ ನಿಲ್ಲಲೇ ಇಲ್ಲ.
ಟು ಸ್ಟೆಪ್. ತ್ರೀ ಸ್ಟೆಪ್.
ನಾಲ್ಕು ದಿನ ತಿದ್ದಿದೆ, ಶಾಲೆಯ ಬಾಯಕ್ಕೋರಂತೆ.
ಐದನೆಯ ಸಂಜೆ ಕೋಡಿಬಾಗದ ಮನೆಯಲ್ಲಿ
ಅಣ್ಣನ ಮಗನನ್ನು ಗದರಿದೆ:
'ಎರಡು ಮೆಟ್ಟಿಲು ಇಳಿದು ನಿಲ್ಲೋ.'
ಎರಡು ಮೆಟ್ಟಿಲು. ಮೆಟ್ಟಿಲುಗಳು ಅಲ್ಲ.
ಎರಡು ಎಂದ ಮೇಲೆ ಎರಡೇ ತಾನೆ,
ಬಾಲ ಬೇರೆ ಯಾಕೆ?
ಇಂಗ್ಲಿಷಿಗೆ ಮಾತ್ರ ಎಣಿಕೆಯ ಮೇಲೂ ನಂಬಿಕೆಯಿಲ್ಲ.
ಮರುದಿನದಿಂದ ತಿದ್ದುವುದು ಬಿಟ್ಟೆ.

ನಿಮ್ಮಲ್ಲಿ ಸ್ಟೆಪ್ಪಿಗೆ ಏನೆನ್ನುತ್ತೀರಿ?
'ತಾಯ್-ಜಿಯೆ.'
ತಾಯ್ ಎಂದಷ್ಟೇ ಕೇಳಿಸಿತು.
ನನ್ನ ಕೈ ಹಿಡಿದು ಮನೆಯ ಪಾಂವಡೆ ಹತ್ತಿಸಿದವಳು,
ಅಪ್ಪ ಮಾಜಾಳಿಯಿಂದ ಎರಡನೆಯದಾಗಿ ತಂದವಳು,
ಸಾಯುವ ತನಕ ಮೀನಿನ ನಡುತುಂಡು ನನಗೇ ಬಡಿಸಿದವಳು.
ಸ್ಟೆಪ್‌ಮದರ್ ಎಂಬ ಪದ ಅವನಿಗೆ ಹೇಳಿಕೊಡಲಿಲ್ಲ.
ಮೆಟ್ಟಿಲೊಂದು ಹೆಂಗಸಿನ ಹಿಂದೆ ಯಾಕೆ ಬಂತು
ಎಂದು ಕೇಳಿದ್ದರೆ ನನ್ನಲ್ಲಿ ಉತ್ತರವಿರಲಿಲ್ಲ.

ಆಮೇಲೆ ಹೊರಗಿನ ಚಿರೇಕಲ್ಲಿನ ಮೆಟ್ಟಿಲು,
ನಡುವೆ ಸವೆದದ್ದು, ಹನ್ನೊಂದು.
'ಇಷ್ಟೂ ಸೇರಿ ಒಂದು ಫ್ಲೈಟ್' ಎಂದೆ.
ಫ್ಲೈಟ್ ಎಂದೊಡನೆ ಕಣ್ಣು ಆಕಾಶಕ್ಕೆ ಹೋಯಿತು.
ಕೈಯನ್ನು ವಿಮಾನ ಮಾಡಿ ತೋರಿಸಿದ.
ಅಲ್ಲ ಎಂದೆ. ಹೌದು ಎಂದೂ ಎಂದೆ.
ಎರಡೂ ಅದೇ ಪದ, ನಾನೇನು ಮಾಡಲಿ.
ನಕ್ಕು, ತನ್ನ ಚೀಟಿಯಲ್ಲಿ ಮೆಟ್ಟಿಲಿನ ಚಿತ್ರ ಬರೆದು
ಅದಕ್ಕೆರಡು ರೆಕ್ಕೆ ಹಚ್ಚಿದ.

ಹೊರಡುವ ದಿನ ಏಜೆಂಟನ ಕಾರು ಕೆಳಗೆ ನಿಂತಿತ್ತು,
ಗೋವಾಕ್ಕೆ, ಅಲ್ಲಿಂದ ನಿಜದ ಫ್ಲೈಟಿಗೆ.
ಸಮುದ್ರದ ಗಾಳಿಗೆ ಅಂಗಿ ಉಬ್ಬಿತ್ತು.
ಕಂಬಿಗೆ ಒಂದೇ ಕೈ. ಮುಖ ಮುಂದಕ್ಕೆ.
ಕೆಟ್ಟ ಕಾಲು ಮೊದಲು, ಒಳ್ಳೆಯದು ಅದರ ಪಕ್ಕಕ್ಕೆ,
ತನ್ನ ಭಾಷೆಯಲ್ಲಿ ಎಣಿಸುತ್ತ ಇಳಿದ.
ಎಲ್ಲೋ ಲೆಕ್ಕ ತಪ್ಪಿರಬೇಕು.
ಹನ್ನೊಂದು ಮುಗಿದ ಮೇಲೂ ಎಡಗಾಲು ಚಾಚಿ
ಇಲ್ಲದ ಇನ್ನೊಂದಕ್ಕಾಗಿ ತಡಕಾಡಿದ.
ನೆಲ ತಟ್ಟನೆ ಸಿಕ್ಕಿತು. ಮೈ ಜೋಲಿ ಹೊಡೆಯಿತು.
ನಾನು ಓಡುವಷ್ಟರಲ್ಲಿ ನೆಟ್ಟಗೆ ನಿಂತು,
ತಿರುಗಿ, ಮೇಲೆ ನನ್ನತ್ತ ಕೂಗಿದ:

'ನೋ ಸ್ಟೆಪ್ಸ್!'

ಕಡೆಗೂ ಎಸ್ ಹಚ್ಚಿದ್ದ,
ಇಲ್ಲದ್ದಕ್ಕೆ.